ತಿಪ್ಪಮ್ಮನಿಂದ ಪ್ರಕೃತಿವರೆಗೆ



ತಂಗಿಗೆ ಹೆಣ್ಣುಮಗು ಆಗಿದೆ. ಹೆಸರು ಹುಡುಕೋಕೆ ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕೂತಿದ್ದಾರೆ. ಯಾರೂ ಇಟ್ಟಿರಬಾರದು, ಅರ್ಥ ಚೆನ್ನಾಗಿರಬೇಕು ಅನ್ನೋದು ತಂಗಿಯ ಷರತ್ತು. ನನಗೆ ಮಾತ್ರ ಅಜ್ಜಿ ನೆನಪಾದಳು. ಅವಳ ಹೆಸರು ತಿಪ್ಪಮ್ಮ.

ಶಾಲೆಯಲ್ಲಿ ಒಂದ್ಸಲ ಆ ಹೆಸರು ಹೇಳಿ ನಗೆಪಾಟಲಾದ ಮೇಲೆ ಬಹಳ ವರ್ಷ ಬಾಯಿಬಿಟ್ಟಿರಲಿಲ್ಲ. ತಿಪ್ಪೆ ಅಂದ್ರೆ ಕಸ, ಸಗಣಿ. ಆದರೆ ಅಜ್ಜಿಗಿಂತ ಮುಂಚೆ ಹುಟ್ಟಿದ ಮೂರು ಕೂಸು ಸತ್ತಿದ್ದವು. ಇದನ್ನಾದರೂ ಸಾವು ಮೂಸಿ ನೋಡದಿರಲಿ ಅಂತ ತಿಪ್ಪೆ ಮೇಲೆ ಹೊರಳಿಸಿ ಆ ಹೆಸರಿಟ್ಟರು. ತೆಲುಗಿನ ಪೆಂಟಮ್ಮ, ತಮಿಳಿನ ಕುಪ್ಪಮ್ಮ ಕೂಡ ಇದೇ ತಿಪ್ಪೆ, ಇದೇ ಭಯ. ನಮ್ಮ ಕೇರಿಯಲ್ಲಷ್ಟೇ ಅಲ್ಲ, ಎಷ್ಟೋ ಜಾತಿಗಳಲ್ಲಿ ಈ ಪದ್ಧತಿ ಇತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಲ್ಲಿ ತಿಪ್ಪೆ ಅಂದ್ರೆ ಯಾರೂ ಮೂಗು ಮುಚ್ಚಲ್ಲ. ದೊಡ್ಡಮನೆಯ ತಿಪ್ಪೇಸ್ವಾಮಿ ಸಾಯೋವರೆಗೂ 'ತಿಪ್ಪೇಸ್ವಾಮಿಯವರು'. ನಮ್ಮಜ್ಜಿ ಎಪ್ಪತ್ತು ದಾಟಿದರೂ 'ಏ ತಿಪ್ಪಿ'. ಹಾಗೆ ಕೂಗ್ತಿದ್ದವನಿಗೆ ಹತ್ತು ವರ್ಷ.

ಈ ಬಾಯಿಗೆ ಬಲ ಕೊಟ್ಟದ್ದು ಯಾವುದು? ಮನುಸ್ಮೃತಿಯ ಎರಡನೇ ಅಧ್ಯಾಯ ಓದಿ. ಬ್ರಾಹ್ಮಣನ ಹೆಸರಲ್ಲಿ ಮಂಗಳ ಇರಬೇಕು, ಕ್ಷತ್ರಿಯನದರಲ್ಲಿ ಬಲ, ವೈಶ್ಯನದರಲ್ಲಿ ಧನ, ಶೂದ್ರನದರಲ್ಲಿ ಜುಗುಪ್ಸೆ. ಊರಾಚೆ ಇಟ್ಟ ನಮ್ಮ ಸುದ್ದಿ ಆ ಶ್ಲೋಕದಲ್ಲಿ ಇಲ್ಲವೇ ಇಲ್ಲ. ಮೂರನೇ ಅಧ್ಯಾಯದಲ್ಲಿ ಇನ್ನೂ ತಮಾಷೆ ಇದೆ: ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವು, ಅಂತ್ಯಜರು, ಇವರ ಹೆಸರಿರೋ ಹುಡುಗಿಯನ್ನು ಮದುವೆಯಾಗಬೇಡ ಅಂತಾನೆ. ರೋಹಿಣಿ, ಗಂಗಾ, ಕಾವೇರಿ ಇಲ್ಲದ ಅಗ್ರಹಾರ ಇದ್ರೆ ಹೇಳಿ! ನದಿ ನಕ್ಷತ್ರದ ವಿಷಯದಲ್ಲಿ ಮನುವನ್ನು ಸಲೀಸಾಗಿ ಬಿಟ್ಟರು. ನಮ್ಮ ಹೆಸರಿನ ವಿಷಯದಲ್ಲಿ ಬಿಡಲಿಲ್ಲ.

ಹಾಗಂತ ನಾವೇನು ಸಾಚಾ ಅಲ್ಲ. ಸಾಲಾಗಿ ಹೆಣ್ಣು ಹುಟ್ಟಿದ್ರೆ 'ಇನ್ನು ಸಾಕು' ಅಂತ ಸಾಕಮ್ಮ ಅಂದವರು ನಮ್ಮವರೂ ಹೌದು. ಮಹಾರಾಷ್ಟ್ರದ ಸತಾರದಲ್ಲಿ ಇದೇ 'ನಕುಸಾ', ಅಂದ್ರೆ ಬೇಡವಾದವಳು. 2011ರಲ್ಲಿ ಅಲ್ಲಿ ಆ ಹೆಸರು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ ಸಮಾರಂಭ ಮಾಡಿ ಹೊಸ ಹೆಸರು ಇಡಲಾಯಿತು. ತಿಪ್ಪಮ್ಮ ಅನ್ನೋ ಹೆಸರಲ್ಲಿ ಮಗು ಬದುಕಲಿ ಅನ್ನೋ ಆಸೆ ಇತ್ತು. ನಕುಸಾದಲ್ಲಿ ಅದೂ ಇಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕೋದನ್ನ ನಾನು ಒಪ್ಪಲ್ಲ.

ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. 1956ರಲ್ಲಿ ನಾಗಪುರದಲ್ಲಿ ಬುದ್ಧನ ಕಡೆ ನಡೆದರು. ಆಮೇಲೆ ನಮ್ಮವರ ತೊಟ್ಟಿಲಲ್ಲಿ ಸುಜಾತಾ, ಗೌತಮಿ, ಪ್ರಜ್ಞಾ, ಕರುಣಾ ಮಲಗಿದರು. ಸುಜಾತಾ ಅಂದ್ರೆ ಒಳ್ಳೇ ಹುಟ್ಟಿನವಳು. ನಮ್ಮ ಹುಟ್ಟೇ ಹೊಲಸು ಅಂದವರ ಬೀದಿಯಲ್ಲಿ ನಿಂತು ಮಗಳನ್ನ ಹಾಗೆ ಕರೆಯೋದು ಎಂಥ ಉತ್ತರ, ಯೋಚನೆ ಮಾಡಿ.

ತಂಗಿಗೆ ನಾನು ಹೇಳಿದ ಹೆಸರು ಪ್ರಕೃತಿ. 'ನೇಚರ್ ತಾನೆ, ಕಾಮನ್ ಆಯ್ತಲ್ಲ' ಅಂದಳು. ಮೊಬೈಲಲ್ಲಿ ಅಷ್ಟೇ ಇರುತ್ತೆ. ದಿವ್ಯಾವದಾನದಲ್ಲಿ ಪ್ರಕೃತಿ ಒಬ್ಬ ಮಾತಂಗರ ಹುಡುಗಿ. ಬಾವಿ ಹತ್ತಿರ ಬಂದ ಭಿಕ್ಷು ಆನಂದ ನೀರು ಕೇಳಿದ. ನಾನು ಮಾತಂಗಿ ಅಂದಳು. ನಾನು ಕೇಳಿದ್ದು ನೀರು, ನಿನ್ನ ಜಾತಿಯಲ್ಲ ಅಂದ. ಮುಂದೆ ಅವಳು ಭಿಕ್ಷುಣಿಯಾದಳು. ಟ್ಯಾಗೋರರ 'ಚಂಡಾಲಿಕಾ' ನಾಟಕ ಇವಳದೇ ಕಥೆ. ಇವತ್ತು ಎಲ್ಲ ಜಾತಿಯವರೂ ಮುದ್ದಿನಿಂದ ಇಡುವ ಈ ಹೆಸರು ನಮ್ಮ ಕೇರಿ ಹುಡುಗಿಯದು ಅಂತ ಎಷ್ಟು ಜನಕ್ಕೆ ಗೊತ್ತು?

ತಂಗಿ ಸುಮ್ಮನಾದಳು, ಆಮೇಲೆ ಒಪ್ಪಿದಳು. ಭಾನುವಾರ ನಾಮಕರಣ. ಅಮ್ಮ ಮಾತ್ರ ಮಗು ಕಿವಿಯಲ್ಲಿ ಮೊದಲು 'ತಿಪ್ಪಮ್ಮ' ಅಂತ ಮೂರು ಸಲ ಕೂಗ್ತೀನಿ ಅಂತಿದ್ದಾಳೆ. ಕೂಗಲಿ.