ಕೆಡವಿದ ಚಿತ್ರಮಂದಿರಗಳ ಸ್ಮೃತಿ

ಕುರುಬರಹಳ್ಳಿಯಿಂದ ನಗರದ ಮಧ್ಯಭಾಗಕ್ಕೆ ಹೊರಟ ಪ್ರಯಾಣಿಕನು ಬಸ್ಸಿನಲ್ಲಿ ‘ಮೆಜೆಸ್ಟಿಕ್’ ಎಂದು ಹೇಳಿ ಟಿಕೆಟ್ಟು ಪಡೆಯುವನಲ್ಲದೆ, ಕೆಂಪೇಗೌಡ ಬಸ್ ನಿಲ್ದಾಣವೆಂಬ ಅಧಿಕೃತ ನಾಮವನ್ನು ಉಚ್ಚರಿಸುವುದು ಅಪರೂಪ. ಆ ಪ್ರದೇಶಕ್ಕೆ ಈ ಹೆಸರನ್ನಿತ್ತ ಚಿತ್ರಮಂದಿರವಾದರೋ ಇಂದು ಇಲ್ಲ. ಕಟ್ಟಡವು ಅಳಿದ ಮೇಲೂ ಹೆಸರು ಉಳಿದರೆ ಸ್ಮೃತಿಯೂ ಉಳಿದಂತಾಯಿತೇ ಎಂಬುದು ಪ್ರಕೃತ ವಿಚಾರ. ರಾಜಾಜಿನಗರದ ನವರಂಗ್ ವೃತ್ತಕ್ಕೂ ಹೆಸರು ಬಂದುದು ಚಿತ್ರಮಂದಿರದಿಂದಲೇ ಆದುದರಿಂದ ನಮ್ಮ ಭಾಗದವರಿಗೆ ಈ ಪ್ರಶ್ನೆ ದೂರದ್ದಲ್ಲ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೊಂದುಂಟು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ವು 1934ನೆಯ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯಿದ್ದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ವೈ. ವಿ. ರಾವ್ ನಿರ್ದೇಶಿಸಿದ ಈ ಚಿತ್ರವು ಸಿದ್ಧವಾದುದು ಕೊಲ್ಲಾಪುರದಲ್ಲಿ. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅದರ ಪಾತ್ರಧಾರಿಗಳು. ಅದರ ಪ್ರತಿಯೊಂದೂ ಈಗ ದೊರೆಯದು. ಆ ಚಿತ್ರಮಂದಿರವೂ ಇಲ್ಲ. ಚಲನಚಿತ್ರದ ಇತಿಹಾಸಕಾರರು ಬಿಡುಗಡೆಯ ದಿನಾಂಕವನ್ನು ಜೋಪಾನಮಾಡಿದುದರಿಂದ ಮಾತ್ರ ಆ ಸ್ಥಳವನ್ನು ಇಂದು ಹೆಸರಿಸಲು ಸಾಧ್ಯವಾಗಿದೆ. ಹೀಗೆ ಮೆಜೆಸ್ಟಿಕ್ಕಿನ ಹೆಸರು ಚರಿತ್ರೆಯಿಂದ ಬೇರ್ಪಟ್ಟು ಜನರ ಬಾಯಲ್ಲಿ ನಿಂತಿತು. ಪ್ಯಾರಾಮೌಂಟಿನ ಚರಿತ್ರೆ ಜನರ ಬಾಯಿಂದ ಬೇರ್ಪಟ್ಟು ಪುಸ್ತಕದಲ್ಲಿ ನಿಂತಿತು. ಇವೆರಡರಲ್ಲಿ ಯಾವುದೊಂದೂ ಪೂರ್ಣ ಸ್ಮೃತಿಯಲ್ಲ.

ಹಾಗಾದರೆ ಆಕರಗಳಾವುವು? ಚಿತ್ರಮಂದಿರದ ಕಾನೂನು ಬಹುಮಟ್ಟಿಗೆ ಬೆಂಕಿಯ ಭಯದಿಂದ ಹುಟ್ಟಿದುದು. ಹಿಂದಿನ ನೈಟ್ರೇಟ್ ಫಿಲ್ಮು ಬೇಗನೆ ಹೊತ್ತಿಕೊಳ್ಳುತ್ತಿದ್ದುದರಿಂದ ಬ್ರಿಟನ್ನಿನಲ್ಲಿ 1909ರಲ್ಲಿ ಶಾಸನವಾಯಿತು. ಭಾರತದಲ್ಲಿ 1918ರಲ್ಲಿ ಸಿನಿಮಾಟೋಗ್ರಾಫ್ ಕಾಯಿದೆ ಬಂದಿತು. ನಮ್ಮ ರಾಜ್ಯವು 1964ರಲ್ಲಿ ತನ್ನದೇ ಸಿನಿಮಾ ನಿಯಂತ್ರಣ ಕಾಯಿದೆಯನ್ನು ಮಾಡಿತು. ಪ್ರದರ್ಶನಕ್ಕೆ ಲೈಸೆನ್ಸು ಅಗತ್ಯವಾದುದರಿಂದ ಕಟ್ಟಡದ ನಕ್ಷೆ, ಆಸನಗಳು, ಬಾಗಿಲುಗಳು ಮುಂತಾದ ವಿವರಗಳು ಸರ್ಕಾರಿ ಕಡತಗಳಿಗೆ ಸೇರಬೇಕಾಯಿತು. ಗೋಡೆಗಳನ್ನು ಕೆಡವಿದ ಮೇಲೆ ಚರಿತ್ರಕಾರನು ಮೊದಲು ಅರಸಬೇಕಾದುದು ಈ ಕಡತಗಳನ್ನು. ಅನಂತರ ಕರಪತ್ರ, ಪತ್ರಿಕಾ ಜಾಹೀರಾತು, ಟಿಕೆಟ್ಟಿನ ಚೂರುಗಳನ್ನು.

ಆದರೂ ಕಡತವು ಹೇಳದ ಸಂಗತಿಗಳು ಬಹಳ. ತೆರೆಯ ಮುಂದಿನ ‘ಗಾಂಧಿ ಕ್ಲಾಸಿ’ನಲ್ಲಿ ಕುಳಿತವರಾರು, ಬಾಲ್ಕನಿಯಲ್ಲಿ ಕುಳಿತವರಾರು, ಹೆಂಗಸರು ಯಾವ ಆಟಕ್ಕೆ ಬರುತ್ತಿದ್ದರು, ಕಾರ್ಬನ್ ಕಡ್ಡಿ ಉರಿಸಿ ಬೆಳಕು ಪಡೆಯುತ್ತಿದ್ದ ಆಪರೇಟರನು ರೀಲು ಬದಲಿಸುವ ಕೆಲಸವನ್ನು ಯಾರಿಂದ ಕಲಿತನು—ಇವನ್ನು ಬಲ್ಲವರು ಅಲ್ಲಿ ದುಡಿದವರು ಮತ್ತು ಅಲ್ಲಿಗೆ ಹೋದವರು. ಡಿಜಿಟಲ್ ಪ್ರದರ್ಶನ ಬಂದಮೇಲೆ ಆ ಕಸುಬೇ ನಿಂತಿದೆ. ಅದನ್ನು ಬಲ್ಲವರು ವೃದ್ಧರಾಗಿದ್ದಾರೆ. 1936ರಲ್ಲಿ ತೆರೆದ ಪ್ಲಾಜಾ ಮೆಟ್ರೋ ನಿಲ್ದಾಣಕ್ಕೆ ಎಡೆಗೊಟ್ಟಿತು. 1968ರ ಕಪಾಲಿಯನ್ನೂ ಕೆಡವಲಾಯಿತು. ದೊಡ್ಡ ನಗರದ ಹೆಸರಾಂತ ಮಂದಿರಗಳ ಗತಿಯೇ ಹೀಗಾದರೆ, ಸಣ್ಣ ಊರುಗಳ ಟಾಕೀಸುಗಳನ್ನು ನೆನೆಯುವವರಾರು?

ಆದುದರಿಂದ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಈ ಕಾರ್ಯವನ್ನು ಕೈಗೊಳ್ಳುವುದು ಯುಕ್ತ. ಒಬ್ಬೊಬ್ಬ ವಿದ್ಯಾರ್ಥಿಯು ತನ್ನ ಊರಿನ ಒಂದೊಂದು ಚಿತ್ರಮಂದಿರವನ್ನು ಆರಿಸಿಕೊಂಡು, ನಿವೇಶನದ ನಕ್ಷೆ ಬರೆದು, ಲೈಸೆನ್ಸಿನ ಕಡತವನ್ನು ನೋಡಿ, ಗೇಟ್‌ಕೀಪರನ ಮಾತನ್ನು ದಿನಾಂಕಸಹಿತ ಬರೆದಿಡಲಿ. ಜನರ ನೆನಪು ತಪ್ಪಬಹುದು, ಕಡತವು ಮೌನವಾಗಿರಬಹುದು. ಒಂದನ್ನು ಇನ್ನೊಂದರಿಂದ ಪರೀಕ್ಷಿಸುವುದೇ ನಮ್ಮ ಶಾಸ್ತ್ರದ ವಿಧಾನ. ಕಡತಗಳು ಇನ್ನು ಹತ್ತು ವರ್ಷ ಕಾದಾವು; ಹೇಳಬಲ್ಲವರು ಕಾಯಲಾರರು.