ಅಗಸಿ ಎಣ್ಣೆಯ ನೆಲ, ಕಲ್ನಾರಿನ ನೆಲ

ಕಳೆದ ವರ್ಷ ನಮ್ಮ ಮಗಳು ಇಲ್ಲಿ ಇಂಗ್ಲೆಂಡಿನಲ್ಲೇ ಒಂದು ಹಳೆಯ ಮನೆ ಕೊಂಡು, ಅದರ ಅಡುಗೆಮನೆಗೆ ಹೊಸ ನೆಲ ಹಾಕಿಸಲು ಹೊರಟಳು. ಅಂಗಡಿಯಿಂದ ತಂದ ಮಾದರಿ ತುಂಡುಗಳು ಟೇಬಲ್ ತುಂಬ ಹರಡಿದ್ದವು: ವಿನೈಲ್, ಲ್ಯಾಮಿನೇಟ್, ಬಿದಿರು, ಕಾರ್ಕ್, ಲಿನೋಲಿಯಂ. "ಅಪ್ಪಾ, ಇದರಲ್ಲಿ ಪರಿಸರಕ್ಕೆ ಒಳ್ಳೇದು ಯಾವುದು?" ಎಂದು ಕೇಳಿದಳು. ತಿರುಗಿಸಿ ನೋಡಿದರೆ ಎಲ್ಲದರ ಹಿಂದೆಯೂ ಒಂದು ಹಸಿರು ಎಲೆಯ ಚಿತ್ರ! ಒಳಾಂಗಣ ವಿನ್ಯಾಸ ನನ್ನ ವಿಷಯವಲ್ಲ. ಎದೆರೋಗಗಳ ವೈದ್ಯನಾಗಿ ನಿವೃತ್ತನಾದವನು ನಾನು. ಆದರೆ ಲಿನೋಲಿಯಂ ತುಂಡನ್ನು ಮೂಗಿನ ಹತ್ತಿರ ಹಿಡಿದಾಗ ಬಂದ ವಾಸನೆ ನನಗೆ ಗೊತ್ತಿದ್ದದ್ದು. ಅದು ಗದಗ ಕಡೆಯ ನಮ್ಮ ಮನೆಯ ಅಗಸಿ ಎಣ್ಣೆಯ ವಾಸನೆ.

ನಮ್ಮ ಕಡೆ ಹಿಂಗಾರಿಯಲ್ಲಿ ಅಗಸಿ ಬಿತ್ತುತ್ತಾರೆ. ಹುರಿದು ಕುಟ್ಟಿದರೆ ಜೋಳದ ರೊಟ್ಟಿಗೆ ಚಟ್ನಿ, ಗಾಣಕ್ಕೆ ಹಾಕಿದರೆ ಎಣ್ಣೆ, ಉಳಿದ ಹಿಂಡಿ ದನಗಳಿಗೆ. ಈ ಎಣ್ಣೆಗೆ ಒಂದು ಗುಣವಿದೆ: ಗಾಳಿಗೆ ಒಡ್ಡಿದರೆ ಆಮ್ಲಜನಕವನ್ನು ಹೀರಿಕೊಂಡು ರಬ್ಬರಿನಂತೆ ಗಟ್ಟಿಯಾಗುತ್ತದೆ. ಬಣ್ಣದ ಡಬ್ಬಿಯ ಮೇಲೆ ಕಟ್ಟಿದ ಇಂಥ ಕೆನೆಯನ್ನು ನೋಡಿ ಫ್ರೆಡರಿಕ್ ವಾಲ್ಟನ್ ಎಂಬ ಇಂಗ್ಲಿಷ್ ತರುಣನಿಗೆ ಲಿನೋಲಿಯಂ ಹೊಳೆಯಿತು ಎಂದು ಹೇಳುತ್ತಾರೆ. 1863ರಲ್ಲಿ ಅವನು ಪೇಟೆಂಟ್ ಪಡೆದ, ಮರುವರ್ಷ ಲಂಡನ್ ಪಕ್ಕದ ಸ್ಟೇನ್ಸ್‌ನಲ್ಲಿ ಕಂಪನಿ ಕಟ್ಟಿದ. ಹೆಸರನ್ನೂ ಅವನೇ ಇಟ್ಟ. ಲ್ಯಾಟಿನ್ನಿನಲ್ಲಿ ಲೀನಮ್ ಎಂದರೆ ಅಗಸೆ, ಓಲಿಯಮ್ ಎಂದರೆ ಎಣ್ಣೆ.

ತಯಾರಿಕೆ ನಿಧಾನದ್ದು. ಬಿಸಿ ಮಾಡಿದ ಎತ್ತರದ ಕೋಣೆಗಳಲ್ಲಿ ತೆಳು ಬಟ್ಟೆಗಳನ್ನು ಇಳಿಬಿಟ್ಟು ಅವುಗಳ ಮೇಲೆ ಮತ್ತೆ ಮತ್ತೆ ಎಣ್ಣೆ ಸುರಿಯುತ್ತಿದ್ದರು. ಪದರದ ಮೇಲೆ ಪದರ ಗಟ್ಟಿಯಾಗಲು ವಾರಗಳೇ ಬೇಕು. ಅದನ್ನು ಪುಡಿಮಾಡಿ, ಪೈನ್ ಮರದ ರಾಳದ ಜೊತೆ ಕರಗಿಸಿ, ಕಾರ್ಕ್ ಪುಡಿ ಮತ್ತು ಬಣ್ಣ ಕಲಸಿ, ಸೆಣಬಿನ ಬಟ್ಟೆಯ ಮೇಲೆ ಉರುಳೆಗಳಿಂದ ಒತ್ತಿದರೆ ನೆಲಹಾಸು. ಕಾರ್ಕ್‌ಗಾಗಿ ಮರ ಕಡಿಯಬೇಕಿಲ್ಲ. ಸುಮಾರು ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿದರೆ ಮತ್ತೆ ಬೆಳೆಯುತ್ತದೆ. ಸೆಣಬು ಬಂಗಾಳದ್ದು, ನೇಯ್ದದ್ದು ಸ್ಕಾಟ್ಲೆಂಡಿನ ಡಂಡೀಯಲ್ಲಿ. ಅಗಸೆ ಬೀಜ ಬರುತ್ತಿದ್ದದ್ದು ಹಲವು ಕಡೆಯಿಂದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತಾ, ಬೊಂಬಾಯಿ ಬಂದರುಗಳಿಂದ ಹಡಗುಗಟ್ಟಲೆ ಅಗಸೆ ಬ್ರಿಟನ್ನಿಗೆ ಸಾಗುತ್ತಿತ್ತು. ನಮ್ಮ ಎರೆ ಹೊಲದ ರೈತನಿಗೆ ಅದರಲ್ಲಿ ದಕ್ಕಿದ್ದೆಷ್ಟು ಎಂಬ ಪ್ರಶ್ನೆ ಬೇರೆ. 'ಪರಿಸರಸ್ನೇಹಿ' ಎಂಬ ಮಾತಿನಲ್ಲಿ ಅದು ಇಂದಿಗೂ ಬರುವುದಿಲ್ಲ.

ವಾಲ್ಟನ್‌ನ ಪೇಟೆಂಟ್ ಅವಧಿ ಮುಗಿದ ಕೂಡಲೇ ಸ್ಕಾಟ್ಲೆಂಡಿನ ಕರ್ಕಾಡಿ ಊರಿನ ನೈರ್ನ್ ಕಂಪನಿಯೂ ಅದೇ ಹೆಸರಿನಲ್ಲಿ ಲಿನೋಲಿಯಂ ಮಾಡತೊಡಗಿತು. ವಾಲ್ಟನ್‌ನ ಕಂಪನಿ ಕೋರ್ಟಿಗೆ ಹೋಗಿ 1878ರಲ್ಲಿ ಸೋತಿತು. ಆ ವಸ್ತುವಿಗೆ ಬೇರೆ ಹೆಸರೇ ಇಲ್ಲದಿರುವಾಗ ಹೆಸರು ಒಬ್ಬರ ಸ್ವತ್ತಾಗದು ಎಂದಿತು ನ್ಯಾಯಾಲಯ. ಮುಂದೆ ಮನೆ, ಹಡಗು, ಶಾಲೆ, ಆಸ್ಪತ್ರೆ ಎಲ್ಲೆಡೆ ಲಿನೋಲಿಯಂ ಹರಡಿತು. 1985ರಲ್ಲಿ ನಾನು ಈ ದೇಶಕ್ಕೆ ಬಂದಾಗ ಆಸ್ಪತ್ರೆಯ ಹಳೆಯ ವಾರ್ಡುಗಳಲ್ಲಿ ಇನ್ನೂ ಅದೇ ಇತ್ತು, ರಾತ್ರಿ ಪಾಳಿಯಲ್ಲಿ ಬೂಟಿನ ಸದ್ದು ಕೇಳಿಸದ ಕಂದು ಬಣ್ಣದ ನೆಲ.

ಇಂಥ ನೆಲವನ್ನು ಜನ ಬಿಟ್ಟದ್ದೇಕೆ? ಮಹಾಯುದ್ಧದ ನಂತರ ವಿನೈಲ್ ಬಂತು. ಅಗ್ಗ, ಹೊಳಪು, ಮೇಣ ತಿಕ್ಕುವ ಕೆಲಸವಿಲ್ಲ, ನೀರಿಗೆ ಉಬ್ಬುವುದಿಲ್ಲ. ಲಿನೋಲಿಯಂ ಅಜ್ಜಿಯ ಕಾಲದ್ದಾಯಿತು. 1970ರ ದಶಕದಲ್ಲಿ ಸ್ಟೇನ್ಸ್‌ನ ಕಾರ್ಖಾನೆಯೇ ಉಳಿಯಲಿಲ್ಲ. ಆ ಕಾಲದ ಎಷ್ಟೋ ವಿನೈಲ್ ಟೈಲ್‌ಗಳಿಗೆ ಗಟ್ಟಿತನ ಬರಲೆಂದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಬೆರೆಸುತ್ತಿದ್ದರು. ಟೈಲ್ ಅಂಟಿಸುವ ಕಪ್ಪು ಡಾಂಬರಿನ ಅಂಟಿನಲ್ಲೂ ಅದು ಇರುತ್ತಿತ್ತು.

ಕಲ್ನಾರು ಕೆಟ್ಟದ್ದೆಂದು ಆಗ ತಿಳಿದಿರಲಿಲ್ಲ ಎನ್ನುವವರಿಗೆ ವೈದ್ಯನಾಗಿ ಉತ್ತರ ಹೇಳಲೇಬೇಕು. ರೋಚ್‌ಡೇಲ್ ಊರಿನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ ಎಂಬ ಹೆಣ್ಣುಮಗಳು 1924ರಲ್ಲಿ ತೀರಿಕೊಂಡಳು, ವಯಸ್ಸು 33. ಅವಳ ಶ್ವಾಸಕೋಶ ಪರೀಕ್ಷಿಸಿದ ಡಾ. ಕುಕ್ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 1930ರಲ್ಲಿ ಸರ್ಕಾರಿ ವೈದ್ಯಾಧಿಕಾರಿ ಮೆರಿವೆದರ್ ಮತ್ತು ಎಂಜಿನಿಯರ್ ಪ್ರೈಸ್ ವರದಿ ಕೊಟ್ಟರು, ಮರುವರ್ಷ ನಿಯಮಗಳೂ ಬಂದವು, ಆದರೆ ಕಾರ್ಖಾನೆಯ ಒಳಗಿನ ಕೆಲವು ಕೆಲಸಗಳಿಗೆ ಮಾತ್ರ. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು ಶ್ವಾಸಕೋಶದ ಹೊದಿಕೆಯ ಕ್ಯಾನ್ಸರಿನ, ಅಂದರೆ ಮೀಸೋಥೀಲಿಯೋಮಾದ, 33 ಪ್ರಕರಣ ವರದಿ ಮಾಡಿದರು. ಅವರಲ್ಲಿ ಹಲವರು ಗಣಿಯಲ್ಲಿ ದುಡಿದವರೇ ಅಲ್ಲ, ಗಣಿಯ ಬಳಿ ಬಾಲ್ಯ ಕಳೆದವರು. ಇಷ್ಟಾದರೂ ಬ್ರಿಟನ್ ನೀಲಿ ಮತ್ತು ಕಂದು ಕಲ್ನಾರನ್ನು ನಿಷೇಧಿಸಿದ್ದು 1985ರಲ್ಲಿ, ಬಿಳಿಯದನ್ನು 1999ರಲ್ಲಿ.

ಈ ಕಾಯಿಲೆ ನಾರು ಒಳಹೊಕ್ಕ ಮೂವತ್ತು, ನಲವತ್ತು, ಕೆಲವೊಮ್ಮೆ ಐವತ್ತು ವರ್ಷಗಳ ನಂತರ ತಲೆಯೆತ್ತುತ್ತದೆ. ನನ್ನ ರೋಗಿಗಳಲ್ಲಿ ಬಡಗಿಗಳಿದ್ದರು, ಪ್ಲಂಬರ್‌ಗಳಿದ್ದರು. ಒಬ್ಬ ತಾಯಿ ಎಂದೂ ಕಾರ್ಖಾನೆಗೆ ಕಾಲಿಟ್ಟವಳಲ್ಲ. ಗಂಡನ ಕೆಲಸದ ಬಟ್ಟೆಯನ್ನು ದಿನಾ ಸಂಜೆ ಹಿತ್ತಲಲ್ಲಿ ಕೊಡವಿ ಒಗೆಯುತ್ತಿದ್ದಳು, ಅಷ್ಟೇ. ಅವಳಿಗೆ ವಿಷಯ ತಿಳಿಸಿದ ದಿನ ಗಂಡ ಪಕ್ಕದಲ್ಲೇ ಕೂತಿದ್ದ. ಅವನ ಮುಖ ನನಗೆ ಈಗಲೂ ನೆನಪಿದೆ.

ಇದೆಲ್ಲ ಗೊತ್ತಿದ್ದ ನಾನು ಮಾಡಿದ್ದೇನು? 1991ರಲ್ಲಿ ನಮ್ಮ ಮೊದಲ ಮನೆ ಕೊಂಡೆವು, 1960ರ ದಶಕದಲ್ಲಿ ಕಟ್ಟಿದ್ದು. ಒಂದು ಭಾನುವಾರ ಸುತ್ತಿಗೆ, ಉಳಿ ಹಿಡಿದು ಅಡುಗೆಮನೆಯ ಹಳೆಯ ಟೈಲ್‌ಗಳನ್ನು ನಾನೇ ಕಿತ್ತೆ. ಮಾಸ್ಕ್ ಇಲ್ಲ, ನೀರು ಚಿಮುಕಿಸಲಿಲ್ಲ, ಕಪ್ಪು ಅಂಟನ್ನು ಕೆರೆದು ತೆಗೆದೆ. ನಾಲ್ಕು ವರ್ಷದ ಮಗಳು ಒಡೆದ ಚೂರುಗಳನ್ನು ಪುಟ್ಟ ಬಕೆಟ್ಟಿಗೆ ತುಂಬುತ್ತ ನನಗೆ 'ಸಹಾಯ' ಮಾಡಿದಳು. ಸೋಮವಾರ ಬೆಳಿಗ್ಗೆ ನಾನು ಎಂದಿನಂತೆ ಎದೆರೋಗ ಕ್ಲಿನಿಕ್ಕಿಗೆ ಹೋದೆ. ಆಸ್ಪತ್ರೆಯಲ್ಲಿ ತಿಳಿದದ್ದು ಮನೆಯ ನೆಲದ ಬಳಿ ನೆನಪಾಗಲೇ ಇಲ್ಲ.

ಟೈಲ್‌ನಲ್ಲಿ ನಾರು ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ, ಅಪಾಯ ತೀರ ಕಡಿಮೆ. ರೋಗಿಗಳಿಗೆ ನಾನೇ ಹೀಗೆ ಧೈರ್ಯ ಹೇಳಿದ್ದುಂಟು. ಆ ಟೈಲ್‌ಗಳಲ್ಲಿ ಕಲ್ನಾರು ಇತ್ತೋ ಇಲ್ಲವೋ, ಯಾರೂ ಪರೀಕ್ಷಿಸಲಿಲ್ಲ. ಆದರೂ ಆ ಬಕೆಟ್ಟಿನ ಮಾತನ್ನು ಮಗಳಿಗೆ ಹೇಳಲು ನನಗೆ ಮೂವತ್ತು ವರ್ಷ ಬೇಕಾಯಿತು. ಮಾದರಿ ತುಂಡುಗಳ ಎದುರು ಕೂತ ಆ ಸಂಜೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮನೆ ಹಳೇ ನೆಲ ಕೀಳೋ ಮುಂಚೆ ಟೆಸ್ಟ್ ಮಾಡಿಸೋಣ" ಎಂದಳು. ಮಾಡಿಸಿದೆವು. ಟೈಲ್‌ನಲ್ಲಿ ಬಿಳಿ ಕಲ್ನಾರು ಇತ್ತು. ಅದು ಬಿರುಕಿಲ್ಲದೆ ಸಮತಟ್ಟಾಗಿದ್ದುದರಿಂದ ಕೀಳುವುದೇ ಬೇಡ, ಮೇಲೆ ಮುಚ್ಚಿದರೆ ಸಾಕು ಎಂದರು ಪರೀಕ್ಷೆಗೆ ಬಂದವರು. ಅದರ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಲಿನೋಲಿಯಂ ಹಾಕಿಸಿದಳು. ಅದನ್ನು ಮಾಡುವ ಕೆಲಸ ಕರ್ಕಾಡಿಯಲ್ಲಿ ಇಂದಿಗೂ ನಡೆದಿದೆ.

ಸಂಘದ ಸದಸ್ಯರಲ್ಲಿ ಹಳೆಯ ಮನೆ ಕೊಂಡು ನವೀಕರಿಸುವ ತರುಣ ದಂಪತಿಗಳು ಅನೇಕರಿದ್ದಾರೆ. 2000ಕ್ಕೆ ಮೊದಲು ಕಟ್ಟಿದ ಮನೆಯಾದರೆ, ಹೊಸದನ್ನು ಆರಿಸುವ ಮೊದಲು ಹಳೆಯದರಲ್ಲಿ ಏನಿದೆ ಎಂದು ಕೇಳಿ ತಿಳಿಯಿರಿ.

ಈ ಲೇಖನ ಬರೆಯುತ್ತಿರುವಾಗ ಊರಿನಿಂದ ತಮ್ಮನ ಫೋನ್ ಬಂತು. ದನದ ಕೊಟ್ಟಿಗೆಯ ಮೇಲಿನ ಶೀಟು ಒಡೆದಿದೆಯಂತೆ, ಹೊಸದು ಹಾಕಿಸಬೇಕಂತೆ. ಒಡೆದದ್ದನ್ನು ನೀರು ಹಾಕಿ ತೋಯಿಸಿ ಇಳಿಸು, ಮಕ್ಕಳನ್ನು ದೂರ ಇಡು, ಮತ್ತೆ ಅದೇ ಶೀಟು ತರಬೇಡ, ಮಂಗಳೂರು ಹಂಚು ನೋಡು ಎಂದೆ. "ಅಣ್ಣಾ, ನಿಮ್ಮ ಕಡೆ ಬಂದ್ ಆಗಿರಬೇಕು. ಇಲ್ಲಿ ಅಂಗಡಿ ಮುಂದ ಸಾಲಾಗಿ ನಿಲ್ಲಿಸ್ಯಾರ. ಹಂಚು ತುಟ್ಟಿ, ಮ್ಯಾಲೆ ಮಂಗ್ಯಾನ ಕಾಟ ಬ್ಯಾರೆ" ಎಂದ. ಹೆಚ್ಚಿನ ಹಣ ನಾನು ಕಳಿಸುತ್ತೇನೆ ಎಂದಿದ್ದೇನೆ. ಮಂಗಗಳಿಗೆ ಏನು ಮಾಡುವುದೋ ಅವನೇ ನೋಡಬೇಕು.