ಹೊನ್ನಾವರದ ಬಾಲಕಿಯರ ಶಾಲೆಗಳು

ಭೂಮಿಯಲ್ಲಿ ಸಂಚರಿಸಿ ಗತಿಸಿದವರನ್ನು ಅರಿಯಬೇಕೆಂಬ ಕುರ್‌ಆನಿನ ಆದೇಶವನ್ನು ಪಾಲಿಸಲು ದೂರದೇಶಕ್ಕೆ ಹೋಗಬೇಕಿಲ್ಲ; ಶರಾವತಿ ಕಡಲು ಸೇರುವ ಹೊನ್ನಾವರವೇ ಸಾಕು. ಮೊರಾಕೊದ ಪ್ರವಾಸಿ ಇಬ್ನ್ ಬತೂತಾ 1342ರ ಸುಮಾರಿಗೆ ಇಲ್ಲಿಗೆ ಬಂದಾಗ ಸುಲ್ತಾನ್ ಜಮಾಲುದ್ದೀನನು ಆಳುತ್ತಿದ್ದನು. ಆತನು ಜಮಾಅತ್ ನಮಾಝನ್ನು ನಿಷ್ಠೆಯಿಂದ ಪಾಲಿಸುತ್ತಿದ್ದನು. ವಿಜಯನಗರದ ಹರಿಹರನಿಗೆ ಅಧೀನನೂ ಆಗಿದ್ದನು. ಇವೆರಡರ ನಡುವೆ ಆ ಕಾಲವು ವಿರೋಧವನ್ನೇನೂ ಕಾಣಲಿಲ್ಲ.

ಗೋವೆಯ ಮೇಲೆ ಆತನು ಸಜ್ಜುಗೊಳಿಸಿದ 52 ಹಡಗುಗಳಿಗಿಂತ ಹಿರಿದಾದ ದಾಖಲೆಯೊಂದು ಆ ಪ್ರವಾಸಕಥನದಲ್ಲಿದೆ. ಊರಿನಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಶಾಲೆಗಳಿದ್ದವು. ಹೊಲಿಗೆಯಿಲ್ಲದ ವಸ್ತ್ರವನ್ನುಟ್ಟ (ನಮ್ಮ ಸೀರೆಯೇ ಇರಬೇಕು) ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದ್ದರು. ಇಂಥದ್ದನ್ನು ಬೇರೆಲ್ಲಿಯೂ ಕಂಡಿಲ್ಲವೆಂದು ಅವರು ಬರೆದರು. ಮಕ್ಕಾ, ದಮಾಸ್ಕಸ್, ದಿಲ್ಲಿಗಳನ್ನು ಕಂಡುಬಂದವರ ಮಾತಿದು! ಹೆಣ್ಣುಮಕ್ಕಳ ಓದು ನಮಗೆ ಹೊಸತೆನ್ನುವವರು ಇದನ್ನು ಗಮನಿಸಲಿ.

ನಮ್ಮ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಕ್ರಿ.ಶ. 750ರ ಸುಮಾರಿನ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನ ಶಾಸನ ದೊರೆಯಿತು. ಅದು ಕಲ್ಲುಚಪ್ಪಡಿಯೆಂದು ಬದಿಗೆ ಬೀಳದೆ ಉಳಿದುದು ನಾಲ್ಕು ಜನರ ಕಾಳಜಿಯಿಂದ. ಕರಾವಳಿಯ ಹಳೆಯ ಮಸೀದಿಗಳನ್ನು ನವೀಕರಿಸುವ ಸಮಿತಿಗಳೂ ಗೋಡೆ ಕೆಡವುವ ಮುನ್ನ ಅಲ್ಲಿನ ಗೋರಿಕಲ್ಲುಗಳನ್ನು, ಅರಬಿ ಬರಹಗಳನ್ನು ಛಾಯಾಚಿತ್ರದಲ್ಲಾದರೂ ಉಳಿಸಿಕೊಳ್ಳಲಿ.